ವಿರ್ಪಿಯ ಸೊಂಟದ ಖಾಲಿ ಒರೆ

ಹಾಪಲಹ್ತಿ ಎಂಬ ಹಳ್ಳಿಯಲ್ಲಿ ಮಗುವಿಗೆ ಹೆಸರಿಡುವಾಗಲೂ ಆಗದಷ್ಟು ಚರ್ಚೆ, ಮಿಲಿಟರಿಗೆ ಹೊರಟ ಹುಡುಗ ಯಾವ ಚೂರಿ ಒಯ್ಯಬೇಕು ಅನ್ನುವುದರ ಮೇಲೆ ಆಗುತ್ತದೆ. ವಯಸ್ಸಿಗೆ ಬಂದ ಗಂಡುಮಕ್ಕಳೆಲ್ಲ ಸೇವೆಗೆ ಹೋಗಲೇಬೇಕು. ಬಂದೂಕು, ಬೂಟು, ಕೋಟು, ಚಮಚ, ಎಲ್ಲ ಸರ್ಕಾರದ್ದು. ಸೊಂಟದ ಚೂರಿಯೊಂದು ಮಾತ್ರ ಅವರವರದು. ಹಾಗಾಗಿ ಹೊರಡುವ ಮುಂಚಿನ ವಾರಗಳಲ್ಲಿ ಅಪ್ಪ ಒಂದು ಹೇಳುತ್ತಾನೆ, ಮಾವ ಒಂದು ಹೇಳುತ್ತಾನೆ, ಹೋದ ವರ್ಷ ವಾಪಸು ಬಂದವನು ಎಲ್ಲರಿಗಿಂತ ಜೋರಾಗಿ ಇನ್ನೊಂದು ಹೇಳುತ್ತಾನೆ. ಹೊರಡುವವನು ಎಲ್ಲದಕ್ಕೂ ತಲೆಯಾಡಿಸುತ್ತಾ ಕೂತಿರುತ್ತಾನೆ. ಇಂಥ ಗದ್ದಲ ಒಂದು ಹುಡುಗಿಯ ಸುತ್ತ ಎದ್ದದ್ದು ಮಾತ್ರ ಒಂದೇ ಸಲ, ವಿರ್ಪಿ ಮೊಯ್ಲನೆನ್ ಹೊರಟಾಗ. ಅದು ಎದ್ದ ರೀತಿಯೇ ಬೇರೆ.

ವಿರ್ಪಿಗೆ ಆಗ ಇಪ್ಪತ್ಮೂರು. ಕೆಲಸ ಹಸುಗಳದ್ದು. ಸುತ್ತಲಿನ ರೈತರು ರಜೆ ಹೋದರೆ, ಕಾಯಿಲೆ ಬಿದ್ದರೆ, ಅವರ ಕೊಟ್ಟಿಗೆಗೆ ಹೋಗಿ ಹಾಲು ಕರೆದು, ಸಗಣಿ ಬಾಚಿ, ಬೇಕಾದರೆ ಕರು ಎಳೆದು ಹಾಕಿ ಬರುವವಳು. ಕೈ ಒರಟು, ಮಾತು ಇನ್ನೂ ಒರಟು, ಕೆಲಸ ಮಾತ್ರ ಕಣ್ಣಿಗೊತ್ತಿಕೊಳ್ಳುವಂಥದ್ದು. ಆದರೆ ಅವಳ ಮನಸ್ಸಿದ್ದದ್ದು ಗಡಿಯ ಮೇಲೆ. ಊರಿನಿಂದ ಪೂರ್ವಕ್ಕೆ ಕಾಡು ಹಿಡಿದು ಹೋದರೆ ರಷ್ಯಾದ ಗಡಿ. ಚಳಿಗಾಲದಲ್ಲಿ ಹಿಮದ ಮೇಲೆ ಸ್ಕೀ ಹಾಕಿಕೊಂಡು, ನಾಯಿಯನ್ನು ಮುಂದೆ ಬಿಟ್ಟುಕೊಂಡು ಹೋಗುವ ಗಡಿ ಕಾವಲಿನವರನ್ನು ಅವಳು ಶಾಲೆಗೆ ಹೋಗುವ ಕಾಲದಿಂದ ನೋಡಿದ್ದಳು. ತಾನೂ ಅದೇ ಆಗಬೇಕು ಎಂದು ಅವತ್ತೇ ನಿಶ್ಚಯ ಮಾಡಿದ್ದಳು. ಕಾವಲು ಪಡೆ ಸೇರಬೇಕಾದರೆ ಮೊದಲು ಸೇನಾ ಸೇವೆ ಮುಗಿಸಿರಬೇಕು. ಸೇನಾ ಸೇವೆಗೆ ಹೆಂಗಸರನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಆ ಬಾಗಿಲು ತೆರೆದ ಸುದ್ದಿ ರೇಡಿಯೋದಲ್ಲಿ ಬಂದಾಗ ಅವಳು ಯಾರದೋ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಕೆಲಸ ಮುಗಿಸಿ, ಕೈ ತೊಳೆದು, ನೇರವಾಗಿ ಅಂಚೆ ಕಚೇರಿಗೆ ಹೋಗಿ ಅರ್ಜಿ ಹಾಕಿಬಂದಳು.

ಊರು ಬಿಡುತ್ತದೆಯೇ? "ಮೊಯ್ಲನೆನ್ ಹುಡುಗಿ ಗಂಡ ಹುಡುಕೋಕೆ ಹೊರಟಿದಾಳೆ" ಅಂದಿತು. "ಇಲ್ಲಿ ಹಸುಗಳು ಬಿಟ್ರೆ ಯಾರೂ ಸಿಗಲಿಲ್ವಲ್ಲ, ಅಲ್ಲಿ ಸಾವಿರ ಹುಡುಗ್ರು ಸಾಲಾಗಿ ನಿಂತಿರ್ತಾರೆ, ಆರಿಸ್ಕೋಬಹುದು." ಈ ಮಾತು ಅವಳಿಗೆ ಎಷ್ಟು ಉರಿಯುತ್ತಿತ್ತು ಅಂದರೆ, ಕೇಳಿದ ದಿನ ಹಾಲಿನ ಕ್ಯಾನುಗಳನ್ನು ಸದ್ದಾಗುವಂತೆ ಕುಕ್ಕಿ ಇಡುತ್ತಿದ್ದಳು. ತಿರುಗಿ ಉತ್ತರ ಕೊಡುತ್ತಿರಲಿಲ್ಲ. ಹೋಗಿ ಮುಗಿಸಿ ಬಂದು, ಹಸಿರು ಸಮವಸ್ತ್ರದಲ್ಲಿ ಎದುರು ನಿಂತರೆ ತಾನಾಗಿಯೇ ಬಾಯಿ ಮುಚ್ಚುತ್ತಾರೆ ಅನ್ನುವುದು ಅವಳ ಲೆಕ್ಕ.

ಜನವರಿಯ ತಂಡಕ್ಕೆ ಕರೆ ಬಂತು. ಮನೆಯಲ್ಲಿ ಚೂರಿಯ ಮಾತು ಎದ್ದಿತು.

"ಚೂರಿಗೀರಿ ಎಲ್ಲ ಹಳೇ ಕಾಲದ್ದು ಕಣೇ," ಅಂದ ಅವಳ ಅಣ್ಣ ಯಾರ್ಮೊ. ಅವನು ಸೇವೆ ಮುಗಿಸಿ ಐದಾರು ವರ್ಷವಾಗಿದ್ದರೂ ನಿನ್ನೆ ಬಂದವನ ಹಾಗೆ ಮಾತಾಡುತ್ತಿದ್ದ. "ಈಗ ಅಮೆರಿಕದ ಮಡಿಸೋ ಇಕ್ಕಳ ಬಂದಿದೆ. ಚಾಕು, ಗರಗಸ, ಸ್ಕ್ರೂಡ್ರೈವರ್, ಡಬ್ಬಿ ತೆಗೆಯೋದು, ಎಲ್ಲಾ ಒಂದರಲ್ಲೇ ಇದೆ. ಅದನ್ನ ತಗೋ."

"ಡೇರೆ ಒಲೆ ಹೊತ್ಸೋಕೆ ಸೌದೆ ಸೀಳಿ ಸಿಪ್ಪೆ ಎಬ್ಬಿಸ್ಬೇಕಲ್ಲ," ಅಂದ ಅಪ್ಪ ಟೌನೊ, ಕಾಫಿ ಬಟ್ಟಲಿನಿಂದ ಕಣ್ಣೆತ್ತದೆ. "ಇಕ್ಕಳದಲ್ಲಿ ಕಚ್ಚಿ ಎಬ್ಬಿಸ್ತೀಯಾ?"

"ಅಪ್ಪಾ, ನಿಮ್ಮ ಕಾಲದಲ್ಲಿ ಕುದುರೆ ಮೇಲೆ ಹೋಗ್ತಿದ್ರಿ."

"ಕುದುರೆನಾದ್ರೂ ಹೇಳಿದ್ದು ಕೇಳ್ತಿತ್ತು."

ಅಜ್ಜಿ ಹಿಲ್ಯಾಗೆ ಕಿವಿ ಮಂದ, ಅಂದರೆ ತನಗೆ ಬೇಕಾದಾಗ ಮಾತ್ರ ಮಂದ. ಅವಳು ಎದ್ದು ಒಳಗೆ ಹೋಗಿ ಪೆಟ್ಟಿಗೆ ತಡಕಾಡಿ ಒಂದು ಚೂರಿಯ ಒರೆ ತಂದಳು. ದಪ್ಪ ತೊಗಲು, ತುದಿಗೆ ಹಿತ್ತಾಳೆ, ಮೈತುಂಬ ಒತ್ತಿ ಮೂಡಿಸಿದ ಹೂಬಳ್ಳಿ. ಒಳಗೆ ಚೂರಿ ಇರಲಿಲ್ಲ.

"ನಂದು. ಇದಕ್ಕೆ ಕೂರೋ ಚೂರಿ ಹುಡುಕ್ಕೋ," ಅಂದಳು ಅಜ್ಜಿ. ಮತ್ತೇನೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ವಿರ್ಪಿಗೆ ಒರೆ ಬಹಳ ಹಿಡಿಸಿತು. ಬೆಲ್ಟಿಗೆ ಸಿಕ್ಕಿಸಿಕೊಂಡು ಶನಿವಾರ ಬೆಳಗ್ಗೆ ಅಂಗಡಿಗೆ ಹೋದಳು.

ಊರಿಗೆ ಇರುವುದೊಂದೇ ಅಂಗಡಿ. ಹಿಟ್ಟು, ಬೂಟು, ಮೀನಿನ ಬಲೆ, ಮೊಳೆ, ಎಲ್ಲ ಅಲ್ಲೇ. ಮೂಲೆಯಲ್ಲಿ ಒಂದು ಉದ್ದ ಮೇಜು, ಅದರ ಮೇಲೆ ಸದಾ ಬಿಸಿ ಕಾಫಿ, ಏಲಕ್ಕಿ ಬನ್ನು. ಶನಿವಾರ ಕೆಲಸವಿಲ್ಲದ ಗಂಡಸರೆಲ್ಲ ಅದರ ಸುತ್ತ. ಅವರಲ್ಲಿ ಮುಖ್ಯ ಬಾಯಿ ಪಾವೊದು. ಮರ ಕಡಿಯುವ ಕೆಲಸದಿಂದ ನಿವೃತ್ತನಾದ ಮೇಲೆ ಅವನು ಬೇರೆಯವರ ತಲೆ ತಿನ್ನುವುದನ್ನೇ ಕೆಲಸ ಮಾಡಿಕೊಂಡಿದ್ದ.

ಅಂಗಡಿಯ ರೈಯೊ ಗಾಜಿನ ಕಪಾಟು ತೆಗೆದು ಮೊದಲು ಅಮೆರಿಕದ ಇಕ್ಕಳವನ್ನೇ ಇಟ್ಟ. ವಿರ್ಪಿ ಉಣ್ಣೆಯ ಕೈಗವುಸು ಹಾಕಿಕೊಂಡು ಬಾಗಿಲಾಚೆ ಮೆಟ್ಟಿಲ ಮೇಲೆ ಹೋಗಿ ಅದನ್ನು ಬಿಡಿಸಲು ನೋಡಿದಳು. ಹೊರಗೆ ಉಗುಳಿದರೆ ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುವ ಚಳಿ. ಗವುಸಿನ ಬೆರಳಿಗೆ ಅಲಗು ಸಿಗಲಿಲ್ಲ. ಗವುಸು ಬಿಚ್ಚಿ ಹಿಡಿದರೆ ಉಕ್ಕು ಬೆರಳ ತುದಿಗೆ ಅಂಟಿಕೊಂಡಿತು. ಎಳೆದಾಗ ಚರ್ಮ ಉರಿಯಿತು. ವಾಪಸು ಬಂದು ಮೇಜಿನ ಮೇಲಿಟ್ಟಳು.

"ಹಾಗಾದ್ರೆ ಇದು ನೋಡು," ಎಂದು ರೈಯೊ ಒಂದು ಪುಟ್ಟ ಚೂರಿ ತೆಗೆದ. ಹಿಮಸಾರಂಗದ ಕೊಂಬಿನ ಹಿಡಿ, ಅದರ ಸುತ್ತ ಬೆಳ್ಳಿಯ ಬಳೆ. "ಹೆಂಗಸರಿಗೇ ಅಂತ ಮಾಡಿದ್ದು. ಎಷ್ಟು ಮುದ್ದಾಗಿದೆ."

"ಬ್ರೆಡ್ಡಿಗೆ ಬೆಣ್ಣೆ ಸವರೋಕಾ?"

"ಗಂಡ ಸಿಕ್ಕಿದ್ಮೇಲೆ ಸವರಬೇಕಾಗುತ್ತಲ್ಲ ತಾಯಿ," ಅಂದ ಮೇಜಿನಿಂದ ಪಾವೊ. ಉಳಿದವರು ಬನ್ನು ಬಾಯಲ್ಲಿಟ್ಟುಕೊಂಡೇ ನಕ್ಕರು.

ವಿರ್ಪಿ ಹಲ್ಲು ಕಚ್ಚಿ ಒಂದೊಂದೇ ಚೂರಿ ತೆಗೆದು ಒರೆಗೆ ಇಳಿಸಿ ನೋಡಿದಳು. ಒಂದು ಅಗಲ, ಒಂದು ಗಿಡ್ಡ, ಇನ್ನೊಂದು ಅಲ್ಲಾಡುತ್ತದೆ. ಯಾವುದೂ ಕೂರಲಿಲ್ಲ. ಖಾಲಿ ಒರೆ ಸೊಂಟದಲ್ಲಿ ನೇತಾಡುತ್ತಲೇ ಇತ್ತು.

ಆಗ ಅಹ್ತಿ ಕಾರ್ಪಿನೆನ್ ಒಳಗೆ ಬಂದ. ಅವನು ಊರಿನ ರಸ್ತೆಗಳ ಹಿಮ ಗೋರುವ ಗಾಡಿ ಓಡಿಸುವವನು. ನಲವತ್ತು ದಾಟಿದವನು, ತಾಯಿಯ ಜೊತೆ ಇರುವವನು, ಮಾತಾಡುವುದನ್ನು ವರ್ಷಕ್ಕೊಮ್ಮೆ ಲೈಸೆನ್ಸ್ ತೆಗೆದುಕೊಂಡು ಮಾಡುತ್ತಾನೆ ಎಂದು ಜನ ನಗುತ್ತಿದ್ದರು. ಹಿಂದಿನ ಶರತ್ಕಾಲದಲ್ಲಿ ಅವನ ತಾಯಿ ಸೊಂಟ ಮುರಿದುಕೊಂಡಾಗ ವಿರ್ಪಿಯೇ ಅವರ ಮನೆಗೆ ಹೋಗಿ ಹಸು ನೋಡಿಕೊಂಡಿದ್ದಳು. ಇಬ್ಬರೂ ಎದುರುಬದುರು ಕೂತು ಸೂಪು ಕುಡಿದಿದ್ದರು. ಹವಾಮಾನ ಬಿಟ್ಟು ಬೇರೆ ಮಾತು ಆಗಿರಲಿಲ್ಲ.

ಅಹ್ತಿ ಬೂಟಿನ ಹಿಮ ಕೊಡವಿದ, ಕಾಫಿ ಸುರಿದುಕೊಂಡ, ತಿರುಗಿದ. ಅವನ ಕಣ್ಣು ವಿರ್ಪಿಯ ಸೊಂಟದ ಖಾಲಿ ಒರೆಯ ಮೇಲೆ ನಿಂತಿತು. ಆಮೇಲೆ ಬಟ್ಟಲನ್ನು ಕಿಟಕಿಯ ಮೇಲಿಟ್ಟು, ತನ್ನ ಬೆಲ್ಟಿನಿಂದ ಚೂರಿ ಎಳೆದು, ನಾಲ್ಕು ಹೆಜ್ಜೆ ಬಂದು ಅವಳ ಒರೆಯೊಳಕ್ಕೆ ಇಳಿಸಿದ. ಅದು ಟಕ್ಕೆಂದು ಕೂತಿತು. ಅಹ್ತಿಯ ಮುಖ ಕುತ್ತಿಗೆಯವರೆಗೆ ಕೆಂಪಾಗಿತ್ತು. ಒಂದು ಮಾತೂ ಆಡದೆ ಅವನು ಹೊರಗೆ ಹೋದ. ಕಾಫಿ ಕಿಟಕಿಯ ಮೇಲೇ ಉಳಿಯಿತು.

ರೈಯೊ ಕಪಾಟಿನ ಬೀಗ ಹಿಡಿದುಕೊಂಡು ಬಾಯಿ ತೆರೆದು ನಿಂತಿದ್ದ. ವಿರ್ಪಿ ಚೂರಿ ಎಳೆದು ನೋಡಿದಳು. ಗಂಟುಗಂಟಾದ ಬರ್ಚ್ ಮರದ ಹಿಡಿ, ವರ್ಷಗಟ್ಟಲೆ ಕೈಯಾಡಿ ನುಣುಪಾಗಿತ್ತು. ಅಲಗು ಅಹ್ತಿಯೇ ಬಡಿದು ಮಾಡಿದ್ದು. ಕೈಗವುಸಿನಲ್ಲಿ ಹಿಡಿದರೂ ಜಾರುವುದಿಲ್ಲ, ತೂಕ ಎಲ್ಲಿರಬೇಕೋ ಅಲ್ಲಿದೆ. ಅವಳ ಮನಸ್ಸು ತುಂಬಿಬಂತು. ಇಡೀ ಊರು ಹಲ್ಲುಕಿರಿಯುವಾಗ ಈ ಒಬ್ಬ ಮನುಷ್ಯ, ತಾನೂ ಗಡಿಯ ಪಡೆಯಲ್ಲಿ ಸೇವೆ ಮಾಡಿ ಬಂದವನು, ತನ್ನ ಸೊಂಟದ ಚೂರಿಯನ್ನೇ ಕೊಟ್ಟು ಹೋದನಲ್ಲ. ಅವಳು ಬಾಗಿಲಿಗೆ ಓಡಿ, "ಅಹ್ತಿ, ತುಂಬಾ ಥ್ಯಾಂಕ್ಸ್. ಇದನ್ನೇ ತಗೊಂಡು ಹೋಗ್ತೀನಿ," ಎಂದು ಕೂಗಿದಳು. ಗಾಡಿಯೊಳಗಿನಿಂದ ಅವನು ಕೈ ಎತ್ತಿದ. ಅವನು ನಕ್ಕದ್ದನ್ನು ಅವಳು ಅವತ್ತೇ ಮೊದಲು ನೋಡಿದ್ದು.

ಆ ವಾರವೆಲ್ಲ ಅವಳು ಚೂರಿಯನ್ನು ಕೈಯಿಂದ ಬಿಡಲಿಲ್ಲ. ಕೊಟ್ಟಿಗೆಯಲ್ಲಿ ಹುಲ್ಲಿನ ಕಟ್ಟಿನ ಹಗ್ಗ ಕತ್ತರಿಸಿದಳು, ಮೀನು ಸೀಳಿದಳು, ಒಣ ಪೈನ್ ತುಂಡಿನಿಂದ ಸುರುಳಿಸುರುಳಿಯಾಗಿ ಸಿಪ್ಪೆ ಎಬ್ಬಿಸಿ ಸೌನಾದ, ಅಂದರೆ ಹಬೆಸ್ನಾನದ ಕೋಣೆಯ, ಒಲೆಯನ್ನು ಒಂದೇ ಕಡ್ಡಿಯಲ್ಲಿ ಹೊತ್ತಿಸಿದಳು. ಅಪ್ಪ ಅದನ್ನು ನೋಡಿ "ಹೂಂ" ಅಂದ. ಅವನ ಬಾಯಿಂದ ಅಷ್ಟು ಬರುವುದೇ ದೊಡ್ಡದು.

ಗುರುವಾರ ಯಾರ್ಮೊ ಪೆಟ್ರೋಲ್ ಬಂಕಿನಿಂದ ಬಂದವನೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಟೊಪ್ಪಿ ತೆಗೆದು ಬಗ್ಗಿ ನಮಸ್ಕಾರ ಮಾಡಿದ.

"ಏನೋ ಇದು ಕೋತಿ ಆಟ?"

"ಕಾರ್ಪಿನೆನ್ ಮನೆ ಸೊಸೆಗೆ ಮರ್ಯಾದೆ ಕೊಡ್ತಿದೀನಿ. ಮದುವೆ ಯಾವಾಗ ಅಂತ ಬಂಕಲ್ಲಿ ಎಲ್ಲ ಕೇಳ್ತಿದ್ರು. ನಂಗೇ ಗೊತ್ತಿಲ್ಲ ಅಂದೆ. ನೀನಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?"

ವಿರ್ಪಿ ಪಾತ್ರೆ ಒರೆಸುವ ಬಟ್ಟೆಯನ್ನು ಅವನ ಮುಖಕ್ಕೆ ಎಸೆದಳು. ಆದರೆ ಕುರ್ಚಿಯಲ್ಲಿ ಕೂತಿದ್ದ ಅಜ್ಜಿ ಹೊಲಿಗೆ ನಿಲ್ಲಿಸಿ, "ಒರೆಗೆ ಚೂರಿ ಇಳಿಸಿದ್ದು ಅಹ್ತಿಯಾ?" ಎಂದು ಕೇಳಿದಳು. ಅವಳ ಕಿವಿ ಆಗ ಚೆನ್ನಾಗಿ ಕೇಳುತ್ತಿತ್ತು.

"ಕೊಟ್ಟಿದ್ದು, ಅಜ್ಜಿ. ಮಿಲಿಟ್ರಿಗೆ ಅಂತ."

"ಅವನ ಬಾಯಿಂದ ಹಾಗಂದ್ನಾ?"

ಅವನು ಏನೂ ಅಂದಿರಲಿಲ್ಲ. ಅಜ್ಜಿ ಹೊಲಿಗೆಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದಳು. ಅವಳ ಕಾಲದಲ್ಲಿ ಮದುವೆಗೆ ಬಂದ ಹುಡುಗಿ ಖಾಲಿ ಒರೆ ಕಟ್ಟಿಕೊಂಡು ಇಗರ್ಜಿಗೆ ಹೋಗುತ್ತಿದ್ದಳು. ಮನಸ್ಸಿದ್ದ ಗಂಡು ಬಂದು ತನ್ನ ಚೂರಿಯನ್ನು ಅದರಲ್ಲಿ ಇಳಿಸುತ್ತಿದ್ದ. ಹುಡುಗಿಗೆ ಒಪ್ಪಿಗೆಯಿಲ್ಲದಿದ್ದರೆ ಒಂದು ವಾರ ಕಳೆದು ಬರುವ ಭಾನುವಾರ ಇಗರ್ಜಿಯ ಗಂಟೆ ಹೊಡೆಯುವುದರೊಳಗೆ ಚೂರಿಯನ್ನು ಅವನ ಕೈಗೇ ವಾಪಸು ಕೊಡಬೇಕು. ಗಂಟೆ ಹೊಡೆದ ಮೇಲೂ ಇಟ್ಟುಕೊಂಡರೆ ಒಪ್ಪಿದ ಹಾಗೆ. ಅಜ್ಜಿಯ ಈ ಒರೆಯೂ ಅಂಥದ್ದೇ, ತಾತನ ಚೂರಿ ಬಂದು ಕೂತ ಒರೆ.

"ಇದನ್ನ ಕೊಡುವಾಗ ಹೇಳ್ಬಾರ್ದಾಗಿತ್ತಾ?" ವಿರ್ಪಿ ರೇಗಿದಳು.

"ಈಗಿನ ಹುಡುಗ್ರಿಗೆ ಇದೆಲ್ಲಿ ಗೊತ್ತಿರುತ್ತೆ ಅನ್ಕೊಂಡೆ."

"ಅಹ್ತಿ ಹುಡುಗ ಅಲ್ಲ, ಅಜ್ಜಿ."

"ಅಲ್ಲೇ ನಾನು ಎಡವಿದ್ದು," ಅಂದಳು ಅಜ್ಜಿ.

ವಿರ್ಪಿ ಕೊಟ್ಟಿಗೆಗೆ ಹೋಗಿ ಹಸುವಿನ ಪಕ್ಕ ಕೂತು ಅತ್ತಳು. ನಾಚಿಕೆ ಇತ್ತು, ಸಿಟ್ಟು ಇತ್ತು. ಅಂಗಡಿಯ ಬಾಗಿಲಲ್ಲಿ ನಿಂತು ಅಷ್ಟು ಜನರ ಮುಂದೆ "ಇದನ್ನೇ ತಗೊಂಡು ಹೋಗ್ತೀನಿ" ಎಂದು ಕೂಗಿದ್ದು ನೆನಪಾದರೆ ಮೈ ಉರಿಯುತ್ತಿತ್ತು. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಇದ್ದದ್ದು ದುಃಖ. ಒಬ್ಬನಾದರೂ ತನ್ನನ್ನು ಸೇವೆಗೆ ಹೊರಟವಳು ಎಂದು ನೋಡಿದ ಅಂದುಕೊಂಡಿದ್ದಳು. ಅವನೂ ನೋಡಿದ್ದು ಹೆಣ್ಣು ಎಂದೇ. ಈಗ ಊರಿನ ಬಾಯಿಗೆ ಪುರಾವೆಯೂ ಸಿಕ್ಕಿತ್ತು: ಗಂಡ ಹುಡುಕಲು ಹೊರಟವಳು ಬಸ್ಸು ಹತ್ತುವ ಮೊದಲೇ ಹಿಡಿದುಬಿಟ್ಟಳು.

ಸಂಜೆ ಊಟಕ್ಕೆ ಕೂತಾಗ ಅಪ್ಪ ಕೆಮ್ಮಿದ. "ಬೇಕಾದ್ರೆ ಫೋನ್ ಮಾಡಿ ಈ ಸಲ ಆಗಲ್ಲ ಅಂತ ಹೇಳು. ಸ್ವಂತ ಇಷ್ಟದಿಂದ ಹೋಗೋರಿಗೆ ಯಾರೂ ಬಲವಂತ ಮಾಡಲ್ಲ. ಜನ ಮರೀಲಿ, ಮುಂದಿನ ವರ್ಷ ನೋಡೋಣ."

"ಈ ವರ್ಷ ನಿಂತ್ರೆ ಮುಂದಿನ ವರ್ಷ ನೀವೇ ಬಿಡಲ್ಲ. ನಾನೂ ಎದ್ದು ಹೋಗಲ್ಲ. ಸೋಮವಾರ ಹೊರಡ್ತೀನಿ."

"ಹಾಗಾದ್ರೆ ಚೂರೀನ ಅವರ ಮನೆ ಅಂಚೆ ಡಬ್ಬಿಲಿ ಹಾಕ್ಬಿಡು. ಗಲಾಟೆ ಬೇಡ."

"ಪೇಪರ್ ಜೊತೆಗಾ? ಬೆಳಗ್ಗೆ ಅವರಮ್ಮ ಕೋಲೂರ್ಕೊಂಡು ಬಂದು ಡಬ್ಬಿ ತೆಗೀತಾಳೆ. ಅವಳ ಕೈಗೆ ಸಿಗ್ಬೇಕಾ?"

ಯಾರ್ಮೊ ಆಲೂಗಡ್ಡೆ ಅಗಿಯುತ್ತಾ ಅಂದ, "ನನ್ನ ಕೇಳಿದ್ರೆ ಇಟ್ಕೊಂಡು ಹೋಗ್ಬಿಡು. ಇಂಥ ಚೂರಿ ದುಡ್ಡು ಕೊಟ್ರೂ ಸಿಗಲ್ಲ. ಆ ಮನುಷ್ಯ ವಾಪಸ್ ಕೊಡು ಅಂತ ಬಾಯಿ ಬಿಟ್ಟು ಕೇಳೋನಲ್ಲ. ಬೇಡ ಅಂತ ಒಂದು ಮಾತು ಹೇಳಿದ್ರಾಯ್ತು."

ಸುಳ್ಳೇಕೆ, ವಿರ್ಪಿಯ ಮನಸ್ಸೂ ಒಂದು ಗಳಿಗೆ ಅತ್ತ ಹೋಯಿತು. ಅಂಥ ಚೂರಿ ಅವಳು ಇನ್ನೊಂದು ಹಿಡಿದಿರಲಿಲ್ಲ. ಆದರೆ ಆ ಮನುಷ್ಯನಿಗೆ ಇಲ್ಲ ಅನ್ನುತ್ತಾ ಅವನ ಚೂರಿಯಿಂದಲೇ ಡೇರೆಯ ಒಲೆ ಹೊತ್ತಿಸುವುದು ಅವಳಿಂದ ಆಗುವ ಕೆಲಸವಲ್ಲ. "ಚೂರಿ, ಮನುಷ್ಯ, ಒಂದೋ ಎರಡೂ ಬೇಕು, ಇಲ್ಲಾ ಎರಡೂ ಬೇಡ," ಎಂದು ಅಣ್ಣನಿಗೆ ಹೇಳಿ ಎದ್ದಳು. ಅಲಗನ್ನು ಒರೆಸಿ, ಎಣ್ಣೆ ಹಚ್ಚಿ, ಅಜ್ಜಿಯ ಒರೆಯನ್ನು ಅಜ್ಜಿಗೆ ಕೊಟ್ಟು, ಚೂರಿಯನ್ನು ಒಂದು ಒಗೆದ ಟವೆಲಿನಲ್ಲಿ ಸುತ್ತಿಟ್ಟಳು.

ಶನಿವಾರ ಅಂಗಡಿಯಲ್ಲಿ ಕೂರಲು ಜಾಗವಿರಲಿಲ್ಲ. ಊರಿಗೆ ಇಷ್ಟು ಕಾಫಿ ಯಾವತ್ತೂ ಬೇಕಾಗಿರಲಿಲ್ಲ. ಅಹ್ತಿ ಮೊದಲೇ ಬಂದು ಕೂತಿದ್ದ. ಗಡ್ಡ ಬೋಳಿಸಿಕೊಂಡಿದ್ದ, ಕೆಲಸದ ಕೋಟಿನ ಒಳಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಕಾಣುತ್ತಿತ್ತು. ಅದನ್ನು ನೋಡಿ ವಿರ್ಪಿಯ ಕಾಲು ಬಾಗಿಲಲ್ಲೇ ನಿಂತುಬಿಟ್ಟಿತು. ಹೊರಗೆ ಕರೆದು ಹೇಳೋಣವೇ ಎಂದು ಯೋಚಿಸಿದಳು. ಹೊರಗೆ ಹೇಳಿದರೆ ಒಳಗಿನವರು ತಮಗೆ ಬೇಕಾದ ಹಾಗೆ ಕಥೆ ಕಟ್ಟುತ್ತಾರೆ, ಅವನ ಪಾಲಿಗೊಂದು, ಅವಳ ಪಾಲಿಗೊಂದು. ಅವನು ಎಲ್ಲರ ಎದುರು ಬಂದು ಚೂರಿ ಇಳಿಸಿದ್ದ. ಎಲ್ಲರ ಎದುರೇ ಹೇಳುವುದು ನ್ಯಾಯ. ಅವಳು ನೇರವಾಗಿ ಮೇಜಿನ ಹತ್ತಿರ ಹೋಗಿ ಟವೆಲ್ ಬಿಚ್ಚಿದಳು.

"ಅಹ್ತಿ, ಇದು ನಿಮ್ಮದು. ಖಾಲಿ ಒರೆಗೆ ಒಂದು ಅರ್ಥ ಇದೆ ಅಂತ ನಂಗೆ ಗೊತ್ತಿರಲಿಲ್ಲ. ಮಿಲಿಟ್ರಿಗೆ ಹೊರಟೋಳಿಗೆ ಕೊಟ್ರಿ ಅನ್ಕೊಂಡು ತಗೊಂಡೆ. ತಪ್ಪು ನಂದು. ನೀವು ಮಾಡಿದ್ದರಲ್ಲಿ ತಪ್ಪಿಲ್ಲ."

ಅಹ್ತಿ ಚೂರಿಯನ್ನು ನೋಡಿದನೇ ಹೊರತು ಕೈ ಚಾಚಲಿಲ್ಲ.

ಪಾವೊ ಕಿಸಕ್ಕನೆ ನಕ್ಕ. "ಪಾಪ, ಅಹ್ತಿ. ಅಲ್ಲಿ ಸಾವಿರ ಹುಡುಗ್ರು ಕಾಯ್ತಿರುವಾಗ ಹಿಮ ಗೋರೋನು ಯಾರಿಗೆ ಬೇಕು ಹೇಳು."

ವಿರ್ಪಿ ಅವನ ಕಡೆ ತಿರುಗಿದಳು. "ಪಾವೊ, ನೀವು ತಿಂಗಳಿಂದ ನನ್ನ ಬೆನ್ನ ಹಿಂದೆ ಮಾತಾಡ್ತಿದೀರಿ. ಈ ಊರಲ್ಲಿ ಮನಸ್ಸಲ್ಲಿರೋದನ್ನ ನನ್ನ ಎದುರಿಗೆ ಬಂದು ತೋರಿಸಿದ್ದು ಇವರೊಬ್ಬರೇ. ನಾನು ಗಂಡ ಹುಡುಕೋಕೆ ಹೊರಟಿದ್ರೆ ಈ ಚೂರೀನ ವಾಪಸ್ ಕೊಡ್ತಾನೇ ಇರಲಿಲ್ಲ. ಇಂಥ ಮನುಷ್ಯ ಆ ಬ್ಯಾರಕ್ಕಲ್ಲಿ ಯಾವ ಮಂಚದ ಮೇಲೂ ಸಿಗಲ್ಲ, ಅದು ನಂಗೆ ಗೊತ್ತು. ಆದ್ರೆ ನಂಗೆ ಬೇಕಾಗಿರೋದು ಗಂಡ ಅಲ್ಲ. ಗಡಿ. ಅದಕ್ಕೆ ಕೊಡ್ತಿದೀನಿ."

ಪಾವೊ ಬನ್ನಿನ ಮೇಲಿನ ಸಕ್ಕರೆ ಕೆರೆಯತೊಡಗಿದ.

ಅಹ್ತಿ ಕೈ ಚಾಚಿ ಚೂರಿ ತೆಗೆದುಕೊಂಡ. ಬೆಲ್ಟಿನಲ್ಲಿದ್ದ ತನ್ನ ಒರೆಗೆ ಇಳಿಸಲು ಹೋದ. ಇಪ್ಪತ್ತು ವರ್ಷದಿಂದ ನೋಡದೆ ಇಳಿಸುತ್ತಿದ್ದ ಒರೆಯ ಬಾಯಿ ಎರಡು ಸಲ ತಪ್ಪಿತು. ಮೂರನೆಯ ಸಲ ಕೂತಿತು. ಅವನು ಕಾಫಿ ಬಟ್ಟಲು ಎತ್ತಿ ಕುಡಿದ, ಪೂರ್ತಿ ಕುಡಿದು ಮುಗಿಸಿದ. ಎದ್ದು ಹೋಗುತ್ತಾನೆ ಎಂದು ಎಲ್ಲರೂ ಅಂದುಕೊಂಡರು. ವಿರ್ಪಿಗೂ ಹಾಗೇ ಅನಿಸಿತು, ಹೋಗಿಬಿಟ್ಟರೆ ಇಬ್ಬರಿಗೂ ಸುಲಭ ಅನ್ನಿಸಿತು. ಅವನು ಹೋಗಲಿಲ್ಲ.

"ಮತ್ತೆ ಚೂರಿ?" ಎಂದು ಕೇಳಿದ.

"ಇನ್ನೂ ತಗೊಂಡಿಲ್ಲ."

"ಹೊರಡೋದು ಯಾವಾಗ?"

"ಸೋಮವಾರ."

ಅಹ್ತಿ ಎದ್ದು ಗಾಜಿನ ಕಪಾಟಿನ ಹತ್ತಿರ ಹೋಗಿ ನಿಂತ. "ರೈಯೊ, ತೆಗಿ. ಆ ಬೆಳ್ಳಿ ಬಳೆ ಇರೋದನ್ನ ಒಳಗಿಡು."

ರೈಯೊ ಒಳಗಿಟ್ಟ. ವಿರ್ಪಿ ಪಕ್ಕದಲ್ಲಿ ಬಂದು ನಿಂತಳು. ಅವಳಿಗೆ ಅವನ ಮುಖ ನೋಡಲು ಆಗುತ್ತಿರಲಿಲ್ಲ, ಅವನೂ ಚೂರಿಗಳನ್ನೇ ನೋಡುತ್ತಿದ್ದ.

"ಯಾರ್ಮೊ ಇಕ್ಕಳ ತಗೋ ಅಂತಾನೆ," ಅಂದಳು.

"ಇಕ್ಕಳ ಬೇಕಾಗುತ್ತೆ. ಬಂದೂಕು ಬಿಚ್ಚುವಾಗ, ತಂತಿ ಎಳೆಯುವಾಗ. ಆದ್ರೆ ಡೇರೆಯಲ್ಲಿರೋ ಅರ್ಧ ಜನರ ಹತ್ರ ಅದು ಇರುತ್ತೆ, ಕೇಳಿದ್ರೆ ಕೊಡ್ತಾರೆ. ಚೂರೀನ ಯಾರೂ ಕೊಡಲ್ಲ. ಗವುಸು ಹಾಕ್ಕೊ."

ಅವಳು ಗವುಸು ಹಾಕಿಕೊಂಡಳು. ಇಬ್ಬರೂ ಮೆಟ್ಟಿಲ ಮೇಲೆ ಹೋದರು. ಕೈಯಲ್ಲಿ ಹಿಡಿಸಿದಷ್ಟು ಚೂರಿಗಳನ್ನು ರೈಯೊ ಹಿಂದಿನಿಂದ ಹೊತ್ತು ತಂದ. ಅಹ್ತಿ ಹೊರಗಿನ ಸೌದೆ ರಾಶಿಯಿಂದ ಒಂದು ತುಂಡು ಎಳೆದು ಕೊಟ್ಟ. ಅವಳು ಒಂದೊಂದೇ ಚೂರಿಯಿಂದ ಸಿಪ್ಪೆ ಎಬ್ಬಿಸಿದಳು. ಅಹ್ತಿ ಹೇಳಿದ್ದು ಬಹಳ ಸ್ವಲ್ಪ. ಇದರ ಹಿಡಿ ಕೈಯಲ್ಲಿ ತಿರುಗುತ್ತದೆ. ಇದರ ಬೆನ್ನು ತೆಳು, ಚಳಿಯಲ್ಲಿ ಮುರಿಯುತ್ತದೆ. ಕೊನೆಗೆ ಬರ್ಚ್ ಹಿಡಿಯ ಒಂದನ್ನು ಅವಳ ಮುಂದೆ ಸರಿಸಿದ. "ಇದು ಆಗುತ್ತೆ."

ಅದು ಒಳ್ಳೆಯ ಚೂರಿಯೇ. ಅವನದರ ಹಾಗೇ ಇತ್ತು, ಸ್ವಲ್ಪ ಕಮ್ಮಿ. ವಿರ್ಪಿ ಅದನ್ನು ಹಿಡಿದು ನೋಡಿ ಕೆಳಗಿಟ್ಟಳು. ಬಡಗಿಗಳು ಬಳಸುವ, ಕೆಂಪು ಪ್ಲಾಸ್ಟಿಕ್ ಹಿಡಿಯ, ಎಲ್ಲಕ್ಕಿಂತ ಅಗ್ಗದ ಚೂರಿಯೊಂದನ್ನು ಎತ್ತಿಕೊಂಡಳು.

"ಇದನ್ನ ತಗೋತೀನಿ. ಹಿಮದಲ್ಲಿ ಬಿದ್ರೆ ಕಾಣುತ್ತೆ. ಕೈಗೆ ಅಂಟಲ್ಲ. ಒಲೆ ಹತ್ರ ಒದ್ದೆಯಾದ್ರೂ ಏನೂ ಆಗಲ್ಲ," ಅಂದಳು. ಮತ್ತೆ, "ಯಾರು ಕೊಟ್ಟಿದ್ದು ಅಂತ ಯಾರೂ ಕೇಳಲ್ಲ," ಅಂದಳು.

ಒಳಗಿನಿಂದ ಪಾವೊ ಏನೋ ಹೇಳಲು ಬಾಯಿ ತೆರೆದ. 'ಸುಮ್ನಿರಿ ಸಾಕು' ಎಂದು ಯಾರೋ ಅವನನ್ನು ಗದರಿದರು.

ಅಹ್ತಿ ಆ ಕೆಂಪು ಹಿಡಿಯನ್ನು ಅವಳಿಂದ ತೆಗೆದುಕೊಂಡು, ಅಲಗನ್ನು ಬಗ್ಗಿಸಿ ನೋಡಿ, ಸೌದೆಗೆ ಒಮ್ಮೆ ಎಳೆದು ವಾಪಸು ಕೊಟ್ಟ. "ಅದೂ ಸರಿ," ಅಂದ. ಅವನ ಮುಖದಲ್ಲಿ ನೋವಿತ್ತು, ಅದನ್ನು ಅವನು ಮುಚ್ಚಿಡಲು ಹೋಗಲಿಲ್ಲ. ಟೊಪ್ಪಿ ಕಿವಿಯ ಮೇಲೆ ಎಳೆದುಕೊಂಡು ಎರಡು ಮೆಟ್ಟಿಲು ಇಳಿದವನು ತಿರುಗಿ ನಿಂತ.

"ಯಾವ ಕಂಪನಿ?"

ಅರ್ಜಿ ಹಾಕಿದಾಗಿನಿಂದ ಊರು ಅವಳನ್ನು ಯಾಕೆ ಎಂದು ಕೇಳಿತ್ತು, ತಲೆ ಕೆಟ್ಟಿದೆಯಾ ಎಂದು ಕೇಳಿತ್ತು, ಕೂದಲು ಕತ್ತರಿಸುತ್ತಾರಾ, ಗಂಡಸರ ಜೊತೆ ಮಲಗಬೇಕಾ ಎಂದೆಲ್ಲ ಕೇಳಿತ್ತು. ಸೇನೆಯಲ್ಲಿ ಯಾವ ತುಕಡಿ ಎಂದು ಹೊರಟ ಹುಡುಗರನ್ನು ಎಲ್ಲರೂ ಮೊಟ್ಟಮೊದಲು ಕೇಳುವ ಈ ಎರಡು ಪದಗಳನ್ನು ಅವಳಿಗೆ ಯಾರೂ ಕೇಳಿರಲಿಲ್ಲ, ಅಪ್ಪ ಕೂಡ. ವಿರ್ಪಿ ನೆಟ್ಟಗೆ ನಿಂತಳು.

"ಎರಡನೇ ಕಂಪನಿ."

ಅಹ್ತಿ ತಲೆಯಾಡಿಸಿದ. "ಬೂಟು ಒಂದು ಅಳತೆ ದೊಡ್ಡದು ಕೇಳು. ಉಣ್ಣೆ ಕಾಲುಚೀಲ ಎರಡೆರಡು ಹಾಕ್ಬೇಕಾಗುತ್ತೆ. ಇಲ್ಲ ಅಂತಾರೆ, ಇರುತ್ತೆ. ಬಿಡಬೇಡ."

"ಬಿಡಲ್ಲ," ಅಂದಳು ವಿರ್ಪಿ.